ಅಪಾರ್ಟ್‌ಮೆಂಟ್ ಮನೆಗೆ ಯಾವ ಗಿಳಿ ಸೂಕ್ತ? ಪಂಜರ ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮನೆಯಲ್ಲಿ ಒಂದು ಪ್ರಾಣಿ ಇರಲಿ ಎಂಬ ಆಸೆ ಸಾಮಾನ್ಯವಾಗಿ ಮಕ್ಕಳಿಂದ ಶುರುವಾಗುತ್ತದೆ. ನಾಯಿಗೆ ಮನೆ ಮಾಲೀಕರು ಒಪ್ಪುವುದಿಲ್ಲ, ಬೆಕ್ಕಿನ ಕೂದಲು ಅಜ್ಜಿಗೆ ಆಗುವುದಿಲ್ಲ, ಮೀನಿನ ತೊಟ್ಟಿಯ ನೀರು ಬದಲಿಸಲು ಯಾರಿಗೂ ಪುರುಸೊತ್ತಿಲ್ಲ. ಕೊನೆಗೆ ಎಲ್ಲರೂ ಒಪ್ಪುವುದು ಗಿಳಿಗೆ. ಚಿಕ್ಕದು, ಚೆಂದದ್ದು, ಮೂಲೆಯಲ್ಲಿ ಪಂಜರ ತೂಗುಹಾಕಿದರೆ ಆಯಿತು, ಜೊತೆಗೆ ಮಾತೂ ಆಡುತ್ತದೆ ಎಂಬ ಲೆಕ್ಕಾಚಾರ. ಈ ಲೆಕ್ಕಾಚಾರದ ಬಹುಪಾಲು ತಪ್ಪು. ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ತುಮಕೂರು ಜಿಲ್ಲೆಯ ಪಾವಗಡವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬಹುತೇಕ ಎಲ್ಲ ಕಡೆ ಆಂಧ್ರಪ್ರದೇಶ ಸುತ್ತುವರಿದಿರುವ ಈ ಗಡಿ ತಾಲ್ಲೂಕಿನಲ್ಲಿ ಗಿಳಿಗೆ ಗಿಣಿ ಎಂಬ ಹೆಸರೂ ಇದೆ, ತೆಲುಗಿನ ರಾಮಚಿಲುಕ ಎಂಬ ಹೆಸರೂ ಇದೆ. ಹೊಲದ ಬದುವಿನಲ್ಲಿ, ಬೇವಿನ ಮರದಲ್ಲಿ ಅದನ್ನು ನೋಡದವರಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೆಲಸ ಹುಡುಕಿಕೊಂಡು ಇಲ್ಲಿಂದ ಬೆಂಗಳೂರಿಗೆ ಹೋದ ಎಷ್ಟೋ ಕುಟುಂಬಗಳು ಈಗ ಅಲ್ಲಿ ಎರಡು ಕೋಣೆಯ ಫ್ಲ್ಯಾಟುಗಳಲ್ಲಿವೆ. ಊರಲ್ಲೇ ಉಳಿದವರಲ್ಲೂ ಮಹಡಿ ಮೇಲಿನ ಬಾಡಿಗೆ ಮನೆಗಳಲ್ಲಿ ಇರುವವರಿದ್ದಾರೆ. ಇಂಥ ಮನೆಗಳಿಗೆ ಅಂಗಳವಿಲ್ಲ, ಒಂದು ಗೋಡೆ ಪಕ್ಕದ ಮನೆಯವರದ್ದೂ ಆಗಿರುತ್ತದೆ, ಅಡುಗೆಮನೆಗೂ ಹಾಲಿಗೂ ನಡುವೆ ಬಾಗಿಲೇ ಇರುವುದಿಲ್ಲ.

ಈ ಮನೆಗಳಿಗೆ ಗಿಳಿ ಬರುವ ದಾರಿ ಎರಡು. ಒಂದು, ಬೇಸಿಗೆಗೆ ಊರಿಗೆ ಹೋದಾಗ ಮರದ ಪೊಟರೆಯಿಂದ ತೆಗೆದ ಮರಿ. ಇನ್ನೊಂದು, ಪಕ್ಷಿ ಮಾರುವ ಅಂಗಡಿಯ 'ಲವ್ ಬರ್ಡ್ಸ್'. ಮೊದಲನೆಯದು ಕಾನೂನಿಗೆ ವಿರುದ್ಧ. ಎರಡನೆಯದು ಹೆಚ್ಚಿನ ಸಲ ಲವ್ ಬರ್ಡೇ ಅಲ್ಲ.

ಊರಿನ ಹಸಿರು ಗಿಳಿಯನ್ನು ಯಾಕೆ ಸಾಕುವಂತಿಲ್ಲ?

ಹಸಿರು ಮೈ, ಕೆಂಪು ಕೊಕ್ಕು, ಗಂಡಿನ ಕೊರಳಲ್ಲಿ ಕಪ್ಪು ಮತ್ತು ಗುಲಾಬಿ ಬಣ್ಣದ ಪಟ್ಟಿ. ನಾವು ಸುಮ್ಮನೆ ಗಿಳಿ ಎಂದು ಕರೆಯುವ ಹಕ್ಕಿ ಇದೇ. ಇದರ ಜೊತೆಗೆ ಕೆನ್ನೇರಳೆ ತಲೆಯ ಗಿಳಿ, ಪಶ್ಚಿಮ ಘಟ್ಟದ ನೀಲಿ ರೆಕ್ಕೆಯ ಗಿಳಿ, ತಲೆಕೆಳಗಾಗಿ ನೇತಾಡುವ ಪುಟ್ಟ ಚಿಟ್ಟುಗಿಳಿಗಳೂ ಕರ್ನಾಟಕದಲ್ಲಿವೆ. ಇವೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಪಡೆದ ಹಕ್ಕಿಗಳು. ಹಿಡಿಯುವುದು, ಮಾರುವುದು, ಕೊಳ್ಳುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಕಾಯ್ದೆಯ ಪ್ರಕಾರ 'ಬೇಟೆ' ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದೂ, ಹಕ್ಕಿಯ ಗೂಡು ಮೊಟ್ಟೆಗಳಿಗೆ ಕೈ ಹಾಕುವುದೂ ಬೇಟೆಯೇ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಉಲ್ಲಂಘನೆಗಳಿಗೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಮೊದಲು ಈ ದಂಡದ ಮಿತಿ 25 ಸಾವಿರ ಇತ್ತು.

ಹಾಗಾದರೆ ಜಾತ್ರೆಗಳಲ್ಲಿ ಗಿಳಿಶಾಸ್ತ್ರ ಹೇಳುವವರ ಪೆಟ್ಟಿಗೆಯಲ್ಲಿರುವ ಗಿಳಿ? ಅದಕ್ಕೂ ಇದೇ ಕಾನೂನು. ರಸ್ತೆಯಲ್ಲಿ ರಾಜಾರೋಷವಾಗಿ ಕಾಣುತ್ತದೆ ಎಂದ ಮಾತ್ರಕ್ಕೆ ಅದು ಕಾನೂನುಬದ್ಧ ಆಗುವುದಿಲ್ಲ.

ಈ ವಿಷಯ ಬಂದಾಗ ಸಾಮಾನ್ಯವಾಗಿ ಕೇಳಿಬರುವ ಮೂರು ವಾದಗಳಿವೆ.

'ನಮ್ಮ ಸೂರ್ಯಕಾಂತಿ, ಜೋಳ ತಿನ್ನುವ ಗಿಳಿಯನ್ನು ಹಿಡಿದರೆ ತಪ್ಪೇನು?' ಬೆಳೆ ನಷ್ಟ ನಿಜ. ತೆನೆ ಬಲಿಯುವ ಹೊತ್ತಿಗೆ ಗಿಳಿಗಳ ಹಿಂಡು ಇಳಿದರೆ ಏನಾಗುತ್ತದೆ ಎಂಬುದು ರೈತರಿಗೆ ಗೊತ್ತು. ಆದರೆ ಅವುಗಳನ್ನು ಓಡಿಸುವುದು ಬೇರೆ, ಹಿಡಿದು ಪಂಜರಕ್ಕೆ ಹಾಕುವುದು ಬೇರೆ. ಮನೆಗೆ ತರುವ ಮರಿ ಯಾರ ಹೊಲಕ್ಕೂ ಬಿದ್ದಿರುವುದಿಲ್ಲ, ಅದಿನ್ನೂ ಪೊಟರೆಯಿಂದ ಹೊರಗೇ ಬಂದಿಲ್ಲ.

'ಕಣ್ಣು ಬಿಡುವ ಮೊದಲೇ ತಂದು ಸಾಕಿದ್ದೇವೆ, ಕಾಡಿನಿಂದ ಹಿಡಿದಿಲ್ಲ.' ಮರಿ ತೆಗೆಯುವುದರಿಂದ ಆಗುವ ಹಾನಿ ಇನ್ನೂ ದೊಡ್ಡದು. ಈ ಗಿಳಿಗಳು ಗಟ್ಟಿ ಮರವನ್ನು ತಾವೇ ಕೊರೆದು ಗೂಡು ಮಾಡುವುದು ಕಡಿಮೆ. ಮರಕುಟಿಗ, ಕುಟ್ರುಹಕ್ಕಿಗಳು ಕೊರೆದು ಬಿಟ್ಟ ತೂತುಗಳನ್ನೋ, ತಾನಾಗಿ ಆದ ಪೊಟರೆಗಳನ್ನೋ ಹಿಗ್ಗಿಸಿಕೊಂಡು ಮೊಟ್ಟೆ ಇಡುತ್ತವೆ. ಮರಿಗಾಗಿ ಕೊಂಬೆ ಕಡಿದರೆ, ತೂತು ಒಡೆದರೆ, ಒಂದು ವರ್ಷದ ಮರಿಗಳ ಜೊತೆಗೆ ಮುಂದಿನ ಹತ್ತಾರು ವರ್ಷಗಳ ಗೂಡೂ ಹೋಗುತ್ತದೆ. ಹಳೆಯ ಮರಗಳು ಕಡಿಮೆ ಇರುವ ಬಯಲುಸೀಮೆಯಲ್ಲಿ ಇದು ಸಣ್ಣ ನಷ್ಟವಲ್ಲ.

'ಇದು ನೀಲಿ ಬಣ್ಣದ್ದು, ವಿದೇಶಿ ಗಿಳಿ.' ನೀಲಿ, ಹಳದಿ ಬಣ್ಣದ 'ರಿಂಗ್‌ನೆಕ್' ಎಂದು ಮಾರುವುದು ನಮ್ಮ ಹಸಿರು ಗಿಳಿಯ ಜಾತಿಯನ್ನೇ. ಆಯ್ದು ಸಂತಾನ ಮಾಡಿಸಿ ಬಣ್ಣ ಬದಲಿಸಿದ್ದಾರೆ ಅಷ್ಟೇ. ಬಣ್ಣ ಬದಲಾದರೆ ಜಾತಿ ಬದಲಾಗುವುದಿಲ್ಲ, ಸೆರೆಯಲ್ಲಿ ಹುಟ್ಟಿತು ಎಂಬ ಕಾರಣಕ್ಕೆ ಕಾಯ್ದೆಯಿಂದ ಹೊರಗೂ ಹೋಗುವುದಿಲ್ಲ.

ಮನೆಯಲ್ಲಿ ಈಗಾಗಲೇ ಊರಿನ ಗಿಳಿ ಇದ್ದರೆ ಏನು ಮಾಡಬೇಕು? ಕಿಟಕಿ ತೆರೆದು ಹಾರಿಸಿಬಿಡುವುದು ಪರಿಹಾರವಲ್ಲ. ಮರಿಯಿಂದ ಪಂಜರದಲ್ಲಿ ಬೆಳೆದ ಹಕ್ಕಿಗೆ ಮೇವು ಹುಡುಕಲು ಬರುವುದಿಲ್ಲ, ಗಿಡುಗ, ಬೆಕ್ಕಿನ ಭಯ ಗೊತ್ತಿರುವುದಿಲ್ಲ, ರೆಕ್ಕೆಯ ಸ್ನಾಯುಗಳಲ್ಲಿ ಬಲವಿರುವುದಿಲ್ಲ. ತಾಲ್ಲೂಕಿನ ವಲಯ ಅರಣ್ಯ ಕಚೇರಿಗೆ ತಿಳಿಸಿ ಒಪ್ಪಿಸುವುದೇ ಸರಿಯಾದ ದಾರಿ. ಬೆಂಗಳೂರಿನಲ್ಲಿ ಗಾಯಗೊಂಡ, ವಶಪಡಿಸಿಕೊಂಡ ವನ್ಯಜೀವಿಗಳನ್ನು ಆರೈಕೆ ಮಾಡಿ ಮರಳಿ ಬಿಡುವ ಪುನರ್ವಸತಿ ಕೇಂದ್ರಗಳೂ ಇವೆ.

ಅಂಗಡಿಯ 'ಲವ್ ಬರ್ಡ್ಸ್' ನಿಜಕ್ಕೂ ಯಾವ ಹಕ್ಕಿ?

ಒಂದೇ ಪಂಜರದಲ್ಲಿ ಹತ್ತಾರು, ಹಳದಿ, ಹಸಿರು, ನೀಲಿ, ಬಿಳಿ ಬಣ್ಣದ, ಉದ್ದ ಬಾಲದ ಪುಟ್ಟ ಹಕ್ಕಿಗಳು. ಪಂಜರದ ಬದಿಗೆ ಕಟ್ಟಿದ ಮಣ್ಣಿನ ಮಡಕೆಗಳು. ನಮ್ಮೂರುಗಳಲ್ಲಿ ಇವನ್ನು ಲವ್ ಬರ್ಡ್ಸ್ ಎನ್ನುತ್ತಾರೆ. ಇವು ಆಸ್ಟ್ರೇಲಿಯಾ ಮೂಲದ ಬಜರಿಗರ್, ಅಂದರೆ ಬಜ್ಜಿಗಳು. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ಅದರ ಮೈ ದುಂಡು, ಬಾಲ ಮೋಟು, ಕೊಕ್ಕು ದಪ್ಪ.

ಹೆಸರಿನ ಈ ಗೊಂದಲದಿಂದ ಖರೀದಿದಾರರಿಗೆ ನಷ್ಟವಿದೆ. ಎರಡೂ ಹಕ್ಕಿಗಳ ಸ್ವಭಾವ ಬೇರೆ. ಬಜ್ಜಿ ಗುಂಪಿನಲ್ಲಿ ಹೊಂದಿಕೊಂಡು ಬಾಳುತ್ತದೆ. ಲವ್ ಬರ್ಡ್ ತನ್ನ ಜೋಡಿಯನ್ನು ಬಿಟ್ಟು ಉಳಿದವರ ಮೇಲೆ ಜಗಳಕ್ಕೆ ನಿಲ್ಲುತ್ತದೆ, ಬೇರೆ ಹಕ್ಕಿಯ ಕಾಲ್ಬೆರಳು ಕಚ್ಚಿ ಗಾಯ ಮಾಡುವಷ್ಟು. ಎರಡನ್ನೂ 'ಲವ್ ಬರ್ಡ್ಸ್ ತಾನೇ' ಎಂದು ಒಂದೇ ಪಂಜರಕ್ಕೆ ಹಾಕಿದರೆ ಪೆಟ್ಟು ಬೀಳುವುದು ಬಜ್ಜಿಗೆ.

ಲವ್ ಬರ್ಡ್ಸ್ ಬಗ್ಗೆ ಇನ್ನೊಂದು ನಂಬಿಕೆ ಇದೆ: ಜೋಡಿಯಲ್ಲಿ ಒಂದು ಸತ್ತರೆ ವಿರಹದಿಂದ ಇನ್ನೊಂದೂ ಸಾಯುತ್ತದೆ ಎಂಬುದು. ಜೊತೆಗಾರ ಹೋದಾಗ ಹಕ್ಕಿ ಮಂಕಾಗಬಹುದು, ಮೇವು ಕಡಿಮೆ ತಿನ್ನಬಹುದು. ಆದರೆ ಒಂದರ ಹಿಂದೆ ಒಂದು ಸತ್ತರೆ ವಿರಹಕ್ಕಿಂತ ಮೊದಲು ಅನುಮಾನಿಸಬೇಕಾದದ್ದು ಸೋಂಕು, ಹಾಳಾದ ಮೇವು ಅಥವಾ ಮನೆಯ ಹೊಗೆಯನ್ನು. ಕಾರಣ ಹುಡುಕದೆ ಅದೇ ಪಂಜರಕ್ಕೆ ಹೊಸ ಜೋಡಿ ತಂದು ಬಿಟ್ಟರೆ ಅವೂ ಸಾಯಬಹುದು.

ವಿದೇಶಿ ಗಿಳಿಗೆ ಪರವಾನಗಿ ಬೇಕೇ?

ಇದು ಜಾತಿಯನ್ನು ಅವಲಂಬಿಸಿದೆ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಒಪ್ಪಂದವಿದೆ. 2022ರ ತಿದ್ದುಪಡಿ ಆ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳನ್ನು ನಮ್ಮ ಕಾಯ್ದೆಯ ನಾಲ್ಕನೇ ಅನುಸೂಚಿಗೆ ತಂದಿತು. ಅಂಥ ಜೀವಿಯನ್ನು ಇಟ್ಟುಕೊಂಡವರು, ಅದು ಮರಿ ಹಾಕಿದರೂ ಸತ್ತರೂ ಬೇರೆಯವರಿಗೆ ಕೊಟ್ಟರೂ ದಾಖಲಿಸಬೇಕು. ಇದಕ್ಕಾಗಿ 2024ರ ಫೆಬ್ರವರಿಯಲ್ಲಿ ನಿಯಮಗಳು ಬಂದಿವೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲಿನಲ್ಲಿ ನೋಂದಣಿ ಆಗುತ್ತದೆ.

ಗಿಳಿ ಕುಟುಂಬದ ಬಹುತೇಕ ಎಲ್ಲ ಜಾತಿಗಳೂ ಸೈಟಿಸ್ ಪಟ್ಟಿಯಲ್ಲಿವೆ. ಹೊರಗಿರುವುದು ಬೆರಳೆಣಿಕೆಯಷ್ಟು: ಬಜ್ಜಿ, ಕಾಕಟೀಲ್ ಮತ್ತು ಪೀಚ್ ಬಣ್ಣದ ಮುಖದ ಲವ್ ಬರ್ಡ್. ನಮ್ಮ ಹಸಿರು ಗಿಳಿಯೂ ಆ ಪಟ್ಟಿಯಲ್ಲಿಲ್ಲ, ಆದರೆ ಅದಕ್ಕೆ ಮೇಲೆ ಹೇಳಿದ ದೇಶದೊಳಗಿನ ನಿಷೇಧವೇ ಇದೆ. ಕಣ್ಣಿನ ಸುತ್ತ ಬಿಳಿ ಉಂಗುರವಿರುವ ಲವ್ ಬರ್ಡ್, ಕನ್ಯೂರ್, ಮಕಾವ್, ಕಾಕಟೂ, ಆಫ್ರಿಕನ್ ಗ್ರೇ ಇವೆಲ್ಲಕ್ಕೂ ನೋಂದಣಿ ಬೇಕು. ಕಾಡಿನಿಂದ ಎಗ್ಗಿಲ್ಲದೆ ಹಿಡಿದು ಮಾರಿದ್ದರಿಂದ ಆಫ್ರಿಕನ್ ಗ್ರೇ 2017ರ ಜನವರಿಯಿಂದ ಸೈಟಿಸ್‌ನ ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿದೆ. ಮಾರುವವರು 'ಇದಕ್ಕೆಲ್ಲ ಕಾಗದ ಬೇಡ ಸಾರ್' ಎಂದರೆ ಅಲ್ಲಿಗೇ ವ್ಯವಹಾರ ನಿಲ್ಲಿಸುವುದು ಒಳ್ಳೆಯದು.

ಯಾವ ಜಾತಿ ಏನನ್ನು ಬೇಡುತ್ತದೆ?

ಬಜ್ಜಿ: ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಇಡೀ ದಿನ ಕಿಚಿಪಿಚಿ ಎನ್ನುತ್ತದೆ, ಆದರೆ ಸದ್ದು ಗೋಡೆ ದಾಟುವುದು ಕಡಿಮೆ. ಸಾಮಾನ್ಯವಾಗಿ 5ರಿಂದ 10 ವರ್ಷ ಬದುಕುತ್ತದೆ. 1840ರ ಹೊತ್ತಿಗೇ ಇಂಗ್ಲೆಂಡ್ ತಲುಪಿ ಸೆರೆಯಲ್ಲಿ ಸಂತಾನ ಬೆಳೆಸಿದ ಹಕ್ಕಿ ಇದು. ಆಸ್ಟ್ರೇಲಿಯಾ 1960ರಲ್ಲೇ ತನ್ನ ಹಕ್ಕಿಗಳ ವಾಣಿಜ್ಯ ರಫ್ತು ನಿಲ್ಲಿಸಿದೆ. ಹಾಗಾಗಿ ಬಜ್ಜಿ ಕೊಂಡರೆ ಯಾವ ಕಾಡೂ ಬರಿದಾಗುವುದಿಲ್ಲ. ಒಣ ಪ್ರದೇಶದ ಹಕ್ಕಿಯಾದ್ದರಿಂದ ಪಾವಗಡದ ಒಣ ಹವೆ ಇದಕ್ಕೆ ಹೊಸದಲ್ಲ.

ಕಾಕಟೀಲ್: ತಲೆ ಮೇಲೆ ಜುಟ್ಟು, ಕೆನ್ನೆಯಲ್ಲಿ ಕಿತ್ತಳೆ ಬಣ್ಣದ ಬೊಟ್ಟು. ಇದೂ ಆಸ್ಟ್ರೇಲಿಯಾದ್ದೇ. ಸಿಳ್ಳೆ ಕಲಿಯುತ್ತದೆ, ಮನುಷ್ಯರನ್ನು ಬೇಗ ಹಚ್ಚಿಕೊಳ್ಳುತ್ತದೆ. 15ರಿಂದ 20 ವರ್ಷ ಬದುಕುತ್ತದೆ. ಗರಿಗಳಿಂದ ಬಿಳಿ ಪುಡಿ ಉದುರುತ್ತಲೇ ಇರುವುದು ಇದರ ತೊಡಕು. ಮನೆಯಲ್ಲಿ ಆಸ್ತಮಾ, ಧೂಳಿನ ಅಲರ್ಜಿ ಇರುವವರಿದ್ದರೆ ಇದು ಬೇಡ.

ಲವ್ ಬರ್ಡ್: ಗಾತ್ರ ಚಿಕ್ಕದಾದರೂ ಕೂಗು ಚುರುಕು, ಕಚ್ಚು ಬಿಗಿ. ಆಯುಷ್ಯ 10ರಿಂದ 15 ವರ್ಷ. ಚಿಕ್ಕ ಮಕ್ಕಳು ಕೈಹಾಕುವ ಮನೆಗೆ ಅಷ್ಟು ಒಗ್ಗುವುದಿಲ್ಲ.

ಕನ್ಯೂರ್: ಹಳದಿ–ಕಿತ್ತಳೆ ಬಣ್ಣದ ಸನ್ ಕನ್ಯೂರ್ ಮೊಬೈಲ್ ವಿಡಿಯೋಗಳಲ್ಲಿ ಮುದ್ದಾಗಿ ಕಾಣುತ್ತದೆ. ವಿಡಿಯೋದಲ್ಲಿ ಹಾಡು ಹಾಕಿ ಮುಚ್ಚಿರುವ ಅದರ ನಿಜವಾದ ದನಿ ಎರಡು ಮಹಡಿ ಆಚೆಗೂ ಕೇಳುವಂಥದ್ದು. ಆಯುಷ್ಯ 20 ವರ್ಷದ ಮೇಲೆ. ಗೋಡೆಗೆ ಗೋಡೆ ಅಂಟಿದ ಮನೆಗೆ ಇದನ್ನು ನಾವು ಸೂಚಿಸುವುದಿಲ್ಲ.

ಆಫ್ರಿಕನ್ ಗ್ರೇ: ಮಾತು, ಬುದ್ಧಿ ಎರಡರಲ್ಲೂ ಹೆಸರುವಾಸಿ. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಅವರು 1977ರಿಂದ ಅಧ್ಯಯನ ಮಾಡಿದ ಅಲೆಕ್ಸ್ ಎಂಬ ಗ್ರೇ ಗಿಳಿ ಬಣ್ಣ, ಆಕಾರ, ಸಂಖ್ಯೆಗಳನ್ನು ಗುರುತಿಸಿ ಹೇಳುತ್ತಿತ್ತು. ಆ ಬುದ್ಧಿಗೆ ದಿನವಿಡೀ ಕೆಲಸ ಬೇಕು. ಸಿಗದಿದ್ದರೆ ಈ ಹಕ್ಕಿ ತನ್ನ ಎದೆಯ ಗರಿಗಳನ್ನು ತಾನೇ ಕಿತ್ತುಕೊಳ್ಳತೊಡಗುತ್ತದೆ. 40 ವರ್ಷ, ಅದಕ್ಕೂ ಹೆಚ್ಚು ಬದುಕಬಲ್ಲದು. ಹತ್ತು ವರ್ಷದ ಮಗುವಿಗೆಂದು ತಂದ ಹಕ್ಕಿ, ಆ ಮಗು ಓದು, ಕೆಲಸ, ಮದುವೆ ಎಂದು ಮನೆ ಬಿಟ್ಟ ಮೇಲೂ ಅಪ್ಪ ಅಮ್ಮನ ಪಾಲಿಗೆ ಉಳಿದಿರುತ್ತದೆ.

ಇಂಥ ಹಕ್ಕಿ ಮನೆಮಂದಿಯನ್ನು ಎಷ್ಟು ಹಚ್ಚಿಕೊಳ್ಳುತ್ತದೆ, ಮನೆಮಂದಿ ಅದನ್ನು ಎಷ್ಟು ಹಚ್ಚಿಕೊಳ್ಳುತ್ತಾರೆ ಎಂಬುದಕ್ಕೆ ನಮ್ಮ ಜಿಲ್ಲಾ ಕೇಂದ್ರದಲ್ಲೇ ನಿದರ್ಶನವಿದೆ. 2022ರ ಜುಲೈನಲ್ಲಿ ತುಮಕೂರಿನ ಕುಟುಂಬವೊಂದು ಸಾಕಿದ್ದ ಆಫ್ರಿಕನ್ ಗ್ರೇ ಹಾರಿಹೋಯಿತು. ಊರೆಲ್ಲ ಪೋಸ್ಟರ್ ಹಚ್ಚಿ, 50 ಸಾವಿರ ರೂಪಾಯಿ ಬಹುಮಾನ ಘೋಷಿಸಿ ಹುಡುಕಿದರು. ಕೆಲವು ದಿನಗಳ ನಂತರ ಗಿಳಿ ಸಿಕ್ಕಿತು. ಹುಡುಕಿಕೊಟ್ಟವರಿಗೆ ಕುಟುಂಬ 85 ಸಾವಿರ ಕೊಟ್ಟದ್ದು ದೇಶದಾದ್ಯಂತ ಸುದ್ದಿಯಾಯಿತು. ಎಲ್ಲ ಗಿಳಿಗಳೂ ಹೀಗೆ ಮರಳಿ ಸಿಗುವುದಿಲ್ಲ. ಒಂದು ತೆರೆದ ಕಿಟಕಿ ಸಾಕು. ಬಾಲ್ಕನಿಗೆ, ಕಿಟಕಿಗಳಿಗೆ ಜಾಲರಿ ಹಾಕಿಸದ ಮನೆಯಲ್ಲಿ ಹಕ್ಕಿಯನ್ನು ಪಂಜರದಿಂದ ಹೊರಗೆ ಬಿಡಬಾರದು.

ಸದ್ದು: ಗಿಳಿ ಯಾಕೆ ಕಿರುಚುತ್ತದೆ?

ಗಿಳಿಗಳು ಹಿಂಡಿನ ಹಕ್ಕಿಗಳು. ಬೆಳಗ್ಗೆ ಮೇವಿಗೆ ಹೊರಡುವಾಗ, ಸಂಜೆ ಮರಕ್ಕೆ ಮರಳುವಾಗ ಒಂದಕ್ಕೊಂದು ಕೂಗಿ 'ನಾನಿಲ್ಲಿದ್ದೇನೆ, ನೀನೆಲ್ಲಿ' ಎಂದು ಖಚಿತಪಡಿಸಿಕೊಳ್ಳುತ್ತವೆ. ಸಂಜೆ ದೊಡ್ಡ ಮರದಡಿ ನಿಂತವರಿಗೆ ಈ ಗದ್ದಲ ಗೊತ್ತು. ಫ್ಲ್ಯಾಟಿನಲ್ಲಿ ಆ ಹಿಂಡಿನ ಜಾಗದಲ್ಲಿ ನೀವಿದ್ದೀರಿ. ನೀವು ಕೋಣೆಯಿಂದ ಆಚೆ ಹೋದೊಡನೆ ಅದು ಕೂಗುವುದು ಹಟದಿಂದಲ್ಲ, ಹಿಂಡು ಕಾಣುತ್ತಿಲ್ಲವೆಂದು.

ಕೂಗಿದಾಗ ಗದರಿದರೆ, ಪಂಜರ ಬಡಿದರೆ ಕೂಗು ಹೆಚ್ಚುತ್ತದೆ. ಗದರಿಕೆಯೂ ಅದರ ಮಟ್ಟಿಗೆ ಒಂದು ಉತ್ತರವೇ. ಬದಲಿಗೆ ಆಚೆ ಕೋಣೆಯಿಂದಲೇ ಮೆಲ್ಲಗೆ ಒಂದು ಸಿಳ್ಳೆಯೋ ಮಾತೋ ಕೊಟ್ಟರೆ ಅದು ಸುಮ್ಮನಾಗುವ ಸಾಧ್ಯತೆ ಹೆಚ್ಚು. ಇನ್ನೊಂದು ಕಾರಣ ನಿದ್ದೆ. ಈ ಹಕ್ಕಿಗಳಿಗೆ ದಿನಕ್ಕೆ 10ರಿಂದ 12 ಗಂಟೆ ಕತ್ತಲೆ ಬೇಕು. ರಾತ್ರಿ ಹನ್ನೊಂದರವರೆಗೆ ಟಿವಿ ಓಡುವ ಹಾಲಿನಲ್ಲಿ ಪಂಜರವಿದ್ದರೆ ಹಕ್ಕಿ ಸಿಡುಕುತ್ತದೆ, ಕಚ್ಚುತ್ತದೆ, ಕಿರುಚುತ್ತದೆ.

ಎಲ್ಲರೂ ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟು ಸಂಜೆ ಏಳಕ್ಕೆ ಮರಳುವ ಮನೆಯಲ್ಲಿ ಒಂಟಿ ಗಿಳಿ ಬೇಡವೇ ಬೇಡ. ಅಂಥಲ್ಲಿ ಸಾಕಲೇಬೇಕೆಂದಿದ್ದರೆ ಒಂದು ಜೋಡಿ ಬಜ್ಜಿ ಒಂದಕ್ಕೊಂದು ಜೊತೆಯಾಗುತ್ತವೆ. ಬೆಳೆದ ಬಜ್ಜಿಯಲ್ಲಿ ಕೊಕ್ಕಿನ ಮೇಲಿನ, ಮೂಗಿನ ಹೊಳ್ಳೆಗಳಿರುವ ಭಾಗ ನೀಲಿಯಿದ್ದರೆ ಸಾಮಾನ್ಯವಾಗಿ ಗಂಡು, ಕಂದು ಬಣ್ಣವಿದ್ದರೆ ಹೆಣ್ಣು. ಎರಡು ಗಂಡುಗಳನ್ನು ತಂದರೆ ಮೊಟ್ಟೆ–ಮರಿಗಳ ಸರಣಿ ಶುರುವಾಗುವುದಿಲ್ಲ. ಗಂಡು–ಹೆಣ್ಣು ತಂದರೆ ಮಡಕೆ ಇಡಬೇಡಿ. ಮಡಕೆ ಕಂಡರೆ ಹೆಣ್ಣು ಬಿಡುವಿಲ್ಲದೆ ಮೊಟ್ಟೆ ಇಡುತ್ತದೆ, ಮೈಯ ಸುಣ್ಣದಂಶ ಬಸಿದು ಕೊನೆಗೆ ಮೊಟ್ಟೆ ಸಿಕ್ಕಿಕೊಂಡು ಸಾಯುವುದೂ ಉಂಟು.

ಗಾಳಿ: ನಾನ್‌ಸ್ಟಿಕ್ ದೋಸೆ ಹಂಚು ಹಕ್ಕಿಯನ್ನು ಕೊಲ್ಲಬಹುದೇ?

ಇದು ಕಟ್ಟುಕತೆಯಲ್ಲ, ನಿಜ. ಅಪಾರ್ಟ್‌ಮೆಂಟಿನಲ್ಲಿ ಗಿಳಿ ಸಾಕುವವರು ತಪ್ಪದೇ ತಿಳಿದಿರಬೇಕಾದ ಅಪಾಯ.

ಹಕ್ಕಿಯ ಉಸಿರಾಟ ನಮ್ಮಂತಲ್ಲ. ಅದರ ದೇಹದಲ್ಲಿ ಶ್ವಾಸಕೋಶದ ಜೊತೆಗೆ ಗಾಳಿಚೀಲಗಳಿವೆ. ಉಸಿರು ಎಳೆದಾಗಲೂ ಬಿಟ್ಟಾಗಲೂ ಶ್ವಾಸಕೋಶದೊಳಗೆ ಹೊಸ ಗಾಳಿಯೇ ಒಂದೇ ದಿಕ್ಕಿಗೆ ಹರಿಯುತ್ತದೆ. ಹಾರಲು ಬೇಕಾದ ಆಮ್ಲಜನಕ ಸಿಗುವುದು ಹೀಗೆ. ಗಾಳಿಯಲ್ಲಿ ವಿಷವಿದ್ದರೆ ಅದೂ ಇಷ್ಟೇ ಸಮರ್ಥವಾಗಿ ಒಳಗೆ ಹೋಗುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ವಿಷಾನಿಲ ಪತ್ತೆಗೆ 1986ರವರೆಗೂ ಕ್ಯಾನರಿ ಹಕ್ಕಿಗಳನ್ನು ಇಟ್ಟುಕೊಂಡಿದ್ದದ್ದು ಇದೇ ಕಾರಣಕ್ಕೆ.

ನಾನ್‌ಸ್ಟಿಕ್ ಪಾತ್ರೆಯ ಲೇಪನ ಸುಮಾರು 260 ಡಿಗ್ರಿ ಸೆಲ್ಸಿಯಸ್ ಮೀರಿ ಕಾದಾಗ ಕೆಡತೊಡಗುತ್ತದೆ. ಹೆಚ್ಚು ಕಾದಷ್ಟೂ ಅದರಿಂದ ಹೊರಬರುವ ಅನಿಲ ಪುಟ್ಟ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ದೋಸೆ ಹುಯ್ಯುವ ಮುನ್ನ ಜೋರು ಉರಿಯಲ್ಲಿ ಖಾಲಿ ಹಂಚು ಇಟ್ಟು ಫೋನಿಗೆ ಹೋದರೆ ಅಷ್ಟು ಬಿಸಿ ಆಗುವುದು ಕಷ್ಟವಲ್ಲ. ವಾಸನೆ ನಮಗೆ ಗೊತ್ತಾಗುವ ಮೊದಲೇ ಹಕ್ಕಿ ಬಿದ್ದಿರುತ್ತದೆ. ಗಿಳಿ ಇರುವ ಮನೆಯಲ್ಲಿ ಕಬ್ಬಿಣದ ಹಂಚು, ಸ್ಟೀಲ್ ಪಾತ್ರೆಯೇ ಸುರಕ್ಷಿತ. ಸೊಳ್ಳೆ ಬತ್ತಿ, ಅಗರಬತ್ತಿ, ಸಾಂಬ್ರಾಣಿ ಹೊಗೆ, ಜಿರಳೆ ಸ್ಪ್ರೇ, ಸಿಗರೇಟು ಇವೂ ಪಂಜರದ ಕೋಣೆಯಲ್ಲಿ ಬೇಡ.

ಸೀಲಿಂಗ್ ಫ್ಯಾನ್ ಇನ್ನೊಂದು ಅಪಾಯ. ಹಕ್ಕಿ ಹೊರಗಿರುವಾಗ ಫ್ಯಾನ್ ಆಫ್ ಇರಬೇಕು, ಈ ನಿಯಮಕ್ಕೆ ರಿಯಾಯಿತಿ ಇಲ್ಲ.

ಬೇಸಿಗೆಯ ಮಾತು ಬೇರೆ. ಆಸ್ಟ್ರೇಲಿಯಾದ ಬಯಲಿನಲ್ಲಿ ಬಿಸಿಲೇರಿದರೆ ಬಜ್ಜಿ ನೆರಳಿಗೆ ಹಾರುತ್ತದೆ. ಪಂಜರದ ಹಕ್ಕಿಗೆ ಆ ಆಯ್ಕೆ ಇಲ್ಲ. ಏಪ್ರಿಲ್‌ನಲ್ಲಿ ಪಾವಗಡದ ಆರ್‌ಸಿಸಿ ಮನೆಯ ಮೇಲಿನ ಮಹಡಿ ಒಲೆಯಂತೆ ಕಾಯುತ್ತದೆ. ಪಡುವಣ ಬಿಸಿಲು ಬೀಳುವ ಬಾಲ್ಕನಿಯಲ್ಲಿ ಪಂಜರ ಇಡಬಾರದು. ಹಕ್ಕಿ ಬಾಯಿ ತೆರೆದು ಏದುತ್ತಾ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದಿದ್ದರೆ ಅದಕ್ಕೆ ಬಿಸಿಲು ತಾಗುತ್ತಿದೆ ಎಂದರ್ಥ. ತಂಪಾದ ಕೋಣೆಗೆ ಸರಿಸಿ, ಕುಡಿಯಲು, ಮೀಯಲು ನೀರು ಇಡಿ.

ಪಂಜರ ಎಷ್ಟು ದೊಡ್ಡದಿರಬೇಕು?

ಹಕ್ಕಿ ನೆಟ್ಟಗೆ ಮೇಲಕ್ಕೆ ಹಾರುವುದಿಲ್ಲ, ಅಡ್ಡಕ್ಕೆ ಹಾರುತ್ತದೆ. ಆದ್ದರಿಂದ ಎತ್ತರದ ದುಂಡು ಪಂಜರಕ್ಕಿಂತ ಉದ್ದನೆಯ ಚೌಕ ಪಂಜರ ಮೇಲು. ಎರಡೂ ರೆಕ್ಕೆ ಬಿಚ್ಚಿದರೆ ಸರಳು ತಾಗಬಾರದು, ಒಂದು ಕೋಲಿನಿಂದ ಇನ್ನೊಂದಕ್ಕೆ ಹಾರಲು ಜಾಗವಿರಬೇಕು. ಬಜ್ಜಿಗೆ ಸರಳುಗಳ ನಡುವಿನ ಅಂತರ 12 ಮಿಲಿಮೀಟರ್ ಮೀರಬಾರದು, ಮೀರಿದರೆ ತಲೆ ಸಿಕ್ಕಿಕೊಳ್ಳುತ್ತದೆ. ಪ್ರಾಣಿಗೆ ಅಲುಗಾಡಲು ಸಾಕಷ್ಟು ಜಾಗವಿಲ್ಲದ ಪಂಜರದಲ್ಲಿ ಇಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ನುಣುಪಾದ ಪ್ಲಾಸ್ಟಿಕ್ ಕೋಲಿನ ಬದಲು ಬೇವಿನ ಅಥವಾ ಸೀಬೆಯ ಒರಟು ಕೊಂಬೆ ಕಟ್ಟಿದರೆ ಕಾಲಿಗೂ ಒಳ್ಳೆಯದು, ಸಿಪ್ಪೆ ಸುಲಿಯುವ ಕೆಲಸವೂ ಸಿಗುತ್ತದೆ.

ಮೆಣಸಿನಕಾಯಿ ತಿನ್ನಿಸಿದರೆ ಮಾತು ಬರುತ್ತದೆಯೇ?

ಇಲ್ಲ. ಗಿಳಿ ಮೆಣಸಿನಕಾಯಿ ತಿನ್ನುವುದು ನಿಜ, ಅದಕ್ಕೆ ಖಾರವಾಗದಿರುವುದೂ ನಿಜ. ಖಾರದ ಅಂಶವಾದ ಕ್ಯಾಪ್ಸೈಸಿನ್ ಸಸ್ತನಿಗಳ ನರಗಳಲ್ಲಿ ಉರಿಯ ಸಂದೇಶ ಹುಟ್ಟಿಸುತ್ತದೆ. ಹಕ್ಕಿಗಳಲ್ಲಿ ಅದೇ ಗ್ರಾಹಕ ಕ್ಯಾಪ್ಸೈಸಿನ್‌ಗೆ ಸ್ಪಂದಿಸುವುದಿಲ್ಲ. ಇದಕ್ಕೂ ಮಾತಿಗೂ ಸಂಬಂಧವಿಲ್ಲ. ನಾಲಿಗೆ ಕೆರೆಯುವುದು, ತಿಕ್ಕುವುದು ಹಿಂಸೆ ಮಾತ್ರ.

ಗಿಳಿಯ ದನಿ ಹುಟ್ಟುವುದು ಶ್ವಾಸನಾಳ ಕವಲೊಡೆಯುವಲ್ಲಿರುವ ಸಿರಿಂಕ್ಸ್ ಎಂಬ ಅಂಗದಲ್ಲಿ. ಕೇಳಿದ ಸದ್ದನ್ನು ಕಲಿತು ಮರಳಿ ಹೇಳುವ ಸಾಮರ್ಥ್ಯ ಇರುವುದು ಮಿದುಳಿನಲ್ಲಿ. ಹಿಂಡಿನವರ ಕೂಗು ಕಲಿತು ಹಿಂಡಿಗೆ ಸೇರುವುದು ಅದರ ಸ್ವಭಾವ. ಹಿಂಡು ಎಂದರೆ ಮನುಷ್ಯರೇ ಆದಾಗ ಮನುಷ್ಯರ ಮಾತು ಕಲಿಯುತ್ತದೆ. ಅದಕ್ಕೆ ಬೇಕಾದದ್ದು ದಿನವೂ ಎದುರು ಕೂತು ಮಾತಾಡುವ ಜನ. ಅಷ್ಟಾದರೂ ಎಷ್ಟೋ ಗಿಳಿಗಳು ಮಾತಾಡುವುದೇ ಇಲ್ಲ. ಮಾತಿಗಾಗಿಯೇ ಗಿಳಿ ಬೇಕು ಎನ್ನುವವರು ತಾರದಿರುವುದು ಲೇಸು.

ಹಾಲನ್ನ, ಕಡಲೆಕಾಯಿ, ಸೂರ್ಯಕಾಂತಿ: ಯಾವುದು ಸರಿ?

ಹಾಲನ್ನ ಬೇಡ. ಹಕ್ಕಿಗಳು ಮರಿಗೆ ಹಾಲೂಡುವ ಪ್ರಾಣಿಗಳಲ್ಲ, ಹಾಲಿನ ಲ್ಯಾಕ್ಟೋಸ್ ಅವಕ್ಕೆ ಜೀರ್ಣವಾಗುವುದಿಲ್ಲ. ಬರೀ ಸೂರ್ಯಕಾಂತಿ ಬೀಜ ತಿಂದರೆ ಕೊಬ್ಬು ಹೆಚ್ಚಿ, ಎ ಜೀವಸತ್ವದ ಕೊರತೆಯಾಗುತ್ತದೆ.

ಪಾವಗಡ ಕಡಲೆಕಾಯಿಯ ಸೀಮೆ. ಒಳ್ಳೆಯ ಕಡಲೆಕಾಯಿ ಅಪರೂಪಕ್ಕೆ ಒಂದೆರಡು ಕೊಟ್ಟರೆ ತೊಂದರೆಯಿಲ್ಲ. ಆದರೆ ಮನೆಗೆ ಬೇಡವೆಂದು ಆರಿಸಿ ತೆಗೆದ, ಬೂಸಲು ಹಿಡಿದ, ಮುದುಡಿದ ಕಾಯಿಯನ್ನು ಹಕ್ಕಿಗೆ ಹಾಕುವಂತಿಲ್ಲ. ಆ ಬೂಸಲಿನಲ್ಲಿ ಅಫ್ಲಾಟಾಕ್ಸಿನ್ ಎಂಬ, ಪಿತ್ತಜನಕಾಂಗ ಕೆಡಿಸುವ ವಿಷ ಇರಬಹುದು. ಆ ವಿಷ ಪತ್ತೆಯಾದದ್ದೇ ಹಕ್ಕಿಗಳಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಸಲು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು.

ಬಜ್ಜಿ, ಕಾಕಟೀಲ್‌ಗಳಿಗೆ ನವಣೆ, ಸಜ್ಜೆಯಂಥ ಸಿರಿಧಾನ್ಯ, ಜೊತೆಗೆ ತುರಿದ ಕ್ಯಾರೆಟ್, ನುಗ್ಗೆಸೊಪ್ಪು, ಕೊತ್ತಂಬರಿ, ಮೊಳಕೆ ಕಟ್ಟಿದ ಹೆಸರುಕಾಳು ಒಳ್ಳೆಯದು. ಸುಣ್ಣದಂಶಕ್ಕೆ ಅಂಗಡಿಯಲ್ಲಿ ಕಟಲ್ ಬೋನ್ ಎಂದು ಸಿಗುವ ಬಿಳಿ ಚಪ್ಪಟೆ ತುಂಡು ಕಟ್ಟಬೇಕು. ಬೆಣ್ಣೆಹಣ್ಣು ಮತ್ತು ಚಾಕೊಲೇಟ್ ವಿಷ. ಈರುಳ್ಳಿ, ಉಪ್ಪು ಖಾರದ ಕುರುಕಲು, ಕಾಫಿ ಟೀ ಸಹ ಬೇಡ.

ಗಿಳಿಯಿಂದ ಮನುಷ್ಯರಿಗೆ ರೋಗ ಬರುತ್ತದೆಯೇ?

ಬರಬಹುದು, ಆದರೆ ಸಾಮಾನ್ಯವಲ್ಲ. ಸಿಟ್ಟಕೋಸಿಸ್ ಅಥವಾ ಗಿಳಿ ಜ್ವರ ಎಂಬ ಬ್ಯಾಕ್ಟೀರಿಯಾ ಸೋಂಕು ಒಣಗಿದ ಹಿಕ್ಕೆಯ ಧೂಳಿನ ಮೂಲಕ ಹರಡುತ್ತದೆ. ಜ್ವರ, ತಲೆನೋವು, ಒಣ ಕೆಮ್ಮು, ಕೆಲವರಲ್ಲಿ ನ್ಯುಮೋನಿಯಾ ಇದರ ಲಕ್ಷಣಗಳು. ಸೂಕ್ತ ಆ್ಯಂಟಿಬಯಾಟಿಕ್‌ನಿಂದ ವಾಸಿಯಾಗುತ್ತದೆ. ಬಿಡದ ಜ್ವರ–ಕೆಮ್ಮಿಗೆ ವೈದ್ಯರ ಬಳಿ ಹೋದಾಗ 'ಮನೆಯಲ್ಲಿ ಹಕ್ಕಿ ಇದೆ' ಎಂದು ಹೇಳಲು ಮರೆಯಬೇಡಿ. ತಟ್ಟೆಯ ಹಿಕ್ಕೆಯನ್ನು ಒಣಗಿದ ಮೇಲೆ ಗುಡಿಸದೆ, ನೀರು ಚಿಮುಕಿಸಿ ಒದ್ದೆ ಮಾಡಿ ತೆಗೆಯಿರಿ.

ಹಕ್ಕಿಯ ಆರೋಗ್ಯದ್ದು ಇನ್ನೊಂದು ಕಷ್ಟ. ಕಾಯಿಲೆ ಬಿದ್ದ ಹಕ್ಕಿ ಶತ್ರುಗಳ ಕಣ್ಣಿಗೆ ಬೀಳದಂತೆ ಅದನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿದೆ ಎಂದರೆ ಆಗಲೇ ತಡವಾಗಿರುತ್ತದೆ. ತಾಲ್ಲೂಕು ಪಶು ಆಸ್ಪತ್ರೆಗಳ ಮುಖ್ಯ ಕೆಲಸ ದನ, ಕುರಿ, ಮೇಕೆ, ಕೋಳಿಗಳದ್ದು. ಗಿಳಿಗಳ ಚಿಕಿತ್ಸೆಯಲ್ಲೇ ಪಳಗಿದ ವೈದ್ಯರು ಬೇಕೆಂದರೆ ಪಾವಗಡದಿಂದ ಸುಮಾರು 150 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬೇಕಾಗಬಹುದು. ಹಕ್ಕಿ ತರುವ ಮೊದಲೇ ವೈದ್ಯರು ಎಲ್ಲಿದ್ದಾರೆಂದು ವಿಚಾರಿಸಿಟ್ಟುಕೊಳ್ಳಿ.

ಹಾಗಾದರೆ ನಮ್ಮ ಉತ್ತರ ಏನು?

ಗಿಳಿಗೆ ಮನೆ ಸೂಕ್ತವೇ ಎಂಬುದು ಚದರಡಿಯಿಂದ ತೀರ್ಮಾನವಾಗುವುದಿಲ್ಲ. ಈ ಪ್ರಶ್ನೆಗಳನ್ನು ಮನೆಮಂದಿಯೆಲ್ಲ ಕೂತು ಕೇಳಿಕೊಳ್ಳಿ: ಹಗಲು ಮನೆಯಲ್ಲಿ ಯಾರಿರುತ್ತಾರೆ? ಬೆಳಗ್ಗೆ ಆರಕ್ಕೆ ಕೂಗಿದರೆ ಪಕ್ಕದ ಮನೆಯವರು ಏನನ್ನುತ್ತಾರೆ? ಹಬ್ಬಕ್ಕೆ ಊರಿಗೆ ಹೋದರೆ ಮೇವು ನೀರು ಹಾಕುವವರು ಯಾರು? ಯಾರಿಗಾದರೂ ಆಸ್ತಮಾ ಇದೆಯೇ? ಹತ್ತು ವರ್ಷದ ನಂತರ ಈ ಹಕ್ಕಿಯನ್ನು ನೋಡಿಕೊಳ್ಳುವವರು ಯಾರು?

ಇವಕ್ಕೆಲ್ಲ ಉತ್ತರವಿದ್ದರೆ, ಚಿಕ್ಕ ಫ್ಲ್ಯಾಟಿಗೆ ಒಂದು ಜೋಡಿ ಬಜ್ಜಿ ಎಲ್ಲಕ್ಕಿಂತ ಕಡಿಮೆ ತೊಡಕಿನ ಆಯ್ಕೆ. ಹಗಲಿಡೀ ಜನರಿದ್ದು, ಧೂಳಿನ ಅಲರ್ಜಿ ಇಲ್ಲದ ಮನೆಯಾದರೆ ಕಾಕಟೀಲ್ ಆಗಬಹುದು. ಕನ್ಯೂರ್, ಆಫ್ರಿಕನ್ ಗ್ರೇ, ಕಾಕಟೂ, ಮಕಾವ್ ಅಪಾರ್ಟ್‌ಮೆಂಟಿನ ಹಕ್ಕಿಗಳಲ್ಲ. ಅಂಗಡಿಗೆ ಹೋಗುವ ಮುನ್ನ, ಸಾಕಲಾಗದೆ ಬೇರೆ ಮನೆ ಹುಡುಕುತ್ತಿರುವವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿ. ಬಜ್ಜಿ ಮರಿಗಳು ಹೆಚ್ಚಾಗಿ ಕೊಟ್ಟುಬಿಡುವವರು ಬಹಳ ಮಂದಿ.

ಒಂದೆರಡು ಪ್ರಶ್ನೆಗೂ ಉತ್ತರ ಸಿಗದಿದ್ದರೆ ಪಂಜರ ಕೊಳ್ಳಬೇಡಿ. ಬಾಲ್ಕನಿಯಲ್ಲಿ ಒಂದು ಅಗಲ ಮಣ್ಣಿನ ತಟ್ಟೆಗೆ ನೀರು ತುಂಬಿ, ದಿನವೂ ತೊಳೆದು ಬದಲಿಸಿ. ಊರಿಗೆ ಹೋದಾಗ ಪೊಟರೆಯಿರುವ ಹಳೆಯ ಮರವನ್ನು ಮಕ್ಕಳಿಗೆ ತೋರಿಸಿ, ಅದನ್ನು ಕಡಿಯದಂತೆ ಮನೆಯವರಿಗೆ ಹೇಳಿ. ಬೇಸಿಗೆಗೆ ಮೊದಲೇ ಅಲ್ಲಿ ಗಿಳಿ ಇಣುಕುವುದು ಕಾಣುತ್ತದೆ. ಮುಂದಿನ ವರ್ಷವೂ ಕಾಣಬೇಕಾದರೆ ಈ ವರ್ಷದ ಮರಿಗಳು ಅಲ್ಲೇ ಇರಬೇಕು.